ಲಜ್ಜೆಯ ಕಟ್ಟೆಯಿಂದ ಕರುಣೆಯ ಕಡೆಗೆ: ನಥಾನಿಯಲ್ ಹಾಥಾರ್ನ್

ಪೂರ್ವಜರ ಕೀರ್ತಿಯನ್ನು ಹೇಳಿಕೊಂಡು ಹಿಗ್ಗುವವರು ಎಲ್ಲ ನಾಡುಗಳಲ್ಲಿಯೂ ಉಂಟು. ಪೂರ್ವಜರ ತಪ್ಪನ್ನು ತನ್ನದೆಂದೇ ಭಾವಿಸಿ, ಅದರ ಲಜ್ಜೆಯನ್ನು ಹೊತ್ತು ಬಾಳಿದವರು ವಿರಳ. ಅಮೆರಿಕದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅಂತಹ ವಿರಳರಲ್ಲಿ ಒಬ್ಬನು. ಆತನ ಬಾಳನ್ನು ಅರಿಯಬೇಕಾದರೆ ಆತನ ಮನೆತನದ ಕಥೆಯಿಂದಲೇ ಆರಂಭಿಸಬೇಕು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರು ತಮ್ಮ ಶ್ರದ್ಧೆಗೆ ತಕ್ಕ ಸಮಾಜವೊಂದನ್ನು ಕಟ್ಟಬೇಕೆಂಬ ಹಂಬಲದಿಂದ ಕಡಲು ದಾಟಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರದೇಶದಲ್ಲಿ ನೆಲೆಸಿದರು. ಅವರ ಶ್ರಮ, ಸರಳತೆ, ವಿದ್ಯೆಯ ಬಗೆಗಿನ ಆದರ ಇವೆಲ್ಲವೂ ಮೆಚ್ಚತಕ್ಕವೇ. ಆದರೆ ಆ ಸಮಾಜದಲ್ಲಿ ಪಾಪಕ್ಕೂ ಅಪರಾಧಕ್ಕೂ ನಡುವೆ ಗೆರೆಯೇ ಅಳಿಸಿಹೋಗಿತ್ತು. ತಪ್ಪು ಮಾಡಿದವರನ್ನು ಸಂತೆಯ ಬಯಲಿನ ಕಟ್ಟೆಯ ಮೇಲೆ ನಿಲ್ಲಿಸುವುದು, ಮರದ ಕೊರಡಿನಲ್ಲಿ ಕೈಕಾಲು ಸಿಕ್ಕಿಸುವುದು, ಜನರ ಕಣ್ಣೆದುರಿನಲ್ಲಿಯೇ ಚಾವಟಿಯಿಂದ ಹೊಡೆಯುವುದು ಅಲ್ಲಿ ನಿತ್ಯದ ನ್ಯಾಯವಾಗಿತ್ತು. ಪ್ಲಿಮತ್ ವಸಾಹತಿನ 1658ರ ಕಾಯಿದೆಯಂತೆ ವ್ಯಭಿಚಾರದ ಅಪರಾಧಿಗಳು ಅದರ ಗುರುತಾದ ಅಕ್ಷರಗಳನ್ನು ಉಡುಪಿನ ಮೇಲೆ ಹೊಲಿಸಿಕೊಂಡೇ ತಿರುಗಬೇಕಾಗಿತ್ತು.

1630ರಲ್ಲಿ ಈ ನಾಡಿಗೆ ಬಂದ ವಿಲಿಯಂ ಹಾಥಾರ್ನ್ ನಮ್ಮ ಲೇಖಕನ ವಂಶದ ಮೂಲಪುರುಷನು. ನ್ಯಾಯಾಧಿಕಾರಿಯಾದ ಆತನು ಕ್ವೇಕರ್ ಪಂಥದವರನ್ನು ಕ್ರೂರವಾಗಿ ಪೀಡಿಸಿದನು. ಆತನ ಮಗ ಜಾನ್, ಸೇಲಂ ಪಟ್ಟಣದಲ್ಲಿ 1692ರಲ್ಲಿ ನಡೆದ ಕುಖ್ಯಾತ ಮಾಟಗಾತಿಯರ ವಿಚಾರಣೆಯ ನ್ಯಾಯಾಧೀಶರಲ್ಲಿ ಒಬ್ಬನು. ಅಂದು 19 ಮಂದಿ ನಿರಪರಾಧಿಗಳನ್ನು ಗಲ್ಲಿಗೇರಿಸಲಾಯಿತು. ವೃದ್ಧನೊಬ್ಬನನ್ನು ಕಲ್ಲಿನ ಭಾರ ಹೇರಿ ಕೊಲ್ಲಲಾಯಿತು. ಆ ನ್ಯಾಯಪೀಠದಲ್ಲಿ ಕುಳಿತಿದ್ದ ಸ್ಯಾಮ್ಯುಅಲ್ ಸ್ಯೂಅಲ್ ಎಂಬಾತನು 1697ರಲ್ಲಿ ಚರ್ಚಿನ ಸಭೆಯಲ್ಲಿ ಎದ್ದು ನಿಂತು ತನ್ನ ತಪ್ಪೊಪ್ಪಿಗೆಯನ್ನು ಓದಿಸಿದನು. ಜಾನ್ ಹಾಥಾರ್ನ್ ಪಶ್ಚಾತ್ತಾಪ ಪಟ್ಟನೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಅಂದು ತೀರದೆ ಉಳಿದ ಆ ಋಣವನ್ನು ನಾಲ್ಕು ತಲೆಮಾರುಗಳ ತರುವಾಯ ಹುಟ್ಟಿದ ಕುಡಿಯೊಂದು ಲೇಖನಿಯಿಂದ ತೀರಿಸಬೇಕಾಯಿತು.

ನಥಾನಿಯಲ್ ಜನಿಸಿದ್ದು ಅದೇ ಸೇಲಂ ಪಟ್ಟಣದಲ್ಲಿ, 1804ನೆಯ ಜುಲೈ 4ರಂದು. ತಂದೆ ಹಡಗಿನ ಕಪ್ತಾನನು. 1808ರಲ್ಲಿ ದೂರದ ಸುರಿನಾಮ್‌ನಲ್ಲಿ ಜ್ವರದಿಂದ ತೀರಿಕೊಂಡನು. ವಿಧವೆಯಾದ ತಾಯಿ ಮೂವರು ಮಕ್ಕಳೊಡನೆ ತವರುಮನೆಯ ಆಶ್ರಯಕ್ಕೆ ಬಂದಳು. ಒಂಬತ್ತನೆಯ ವಯಸ್ಸಿನಲ್ಲಿ ಕಾಲಿಗೆ ಪೆಟ್ಟಾಗಿ ಬಹುಕಾಲ ಮನೆಯಲ್ಲಿಯೇ ಉಳಿಯಬೇಕಾದ ಬಾಲಕನಿಗೆ ಪುಸ್ತಕಗಳೇ ಸಂಗಾತಿಗಳಾದುವು. ಸೋದರಮಾವನ ನೆರವಿನಿಂದ 1821ರಲ್ಲಿ ಬೌಡನ್ ಕಾಲೇಜನ್ನು ಸೇರಿದನು. ಮುಂದೆ ಕವಿಯೆಂದು ಹೆಸರಾದ ಲಾಂಗ್‌ಫೆಲೋ ಅಲ್ಲಿ ಆತನ ಸಹಪಾಠಿ. ಮುಂದೆ ರಾಷ್ಟ್ರಾಧ್ಯಕ್ಷನಾದ ಫ್ರಾಂಕ್ಲಿನ್ ಪಿಯರ್ಸ್ ಆಪ್ತ ಗೆಳೆಯ.

1825ರಲ್ಲಿ ಪದವೀಧರನಾಗಿ ಊರಿಗೆ ಮರಳಿದ ಹಾಥಾರ್ನ್ ಸುಮಾರು ಹನ್ನೆರಡು ವರ್ಷಗಳನ್ನು ಬಹುಮಟ್ಟಿಗೆ ಏಕಾಂತದಲ್ಲಿ, ಓದು ಬರಹಗಳಲ್ಲಿ ಕಳೆದನು. ಹಳೆಯ ವಸಾಹತಿನ ಚರಿತ್ರೆಗಳನ್ನು ಹುಡುಕಿ ಹುಡುಕಿ ಓದಿದನು. ಓದಿದಂತೆಲ್ಲ ತನ್ನ ಮನೆತನದ ಹೆಸರು ಚಾವಟಿಯೊಡನೆಯೂ ಗಲ್ಲುಗಂಬದೊಡನೆಯೂ ಬೆರೆತಿರುವುದು ಕಣ್ಣಿಗೆ ಚುಚ್ಚಿತು. ಈ ಸುಮಾರಿನಲ್ಲಿಯೇ ಆತನು ತನ್ನ ವಂಶನಾಮದ ಕಾಗುಣಿತಕ್ಕೆ ಒಂದು ಅಕ್ಷರವನ್ನು ಹೊಸದಾಗಿ ಸೇರಿಸಿಕೊಂಡನು. ಆ ಪೂರ್ವಜರಿಂದ ದೂರ ನಿಲ್ಲುವ ಬಯಕೆಯೇ ಇದಕ್ಕೆ ಕಾರಣವೆಂದು ಹಲವರು ಊಹಿಸಿರುವರು. ಹೆಸರು ಬದಲಾದರೂ ನೆನಪು ಬಿಡಲಿಲ್ಲ.

1837ರಲ್ಲಿ ಪ್ರಕಟವಾದ ಕಥಾಸಂಗ್ರಹದಿಂದ ಅಲ್ಪಸ್ವಲ್ಪ ಹೆಸರು ಬಂದಿತು, ಹಣ ಬರಲಿಲ್ಲ. 1842ರಲ್ಲಿ ಸೋಫಿಯಾ ಪೀಬಡಿಯನ್ನು ವಿವಾಹವಾದನು. ಸಂಸಾರ ನಿರ್ವಹಣೆಗಾಗಿ 1846ರಲ್ಲಿ ಸೇಲಂನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾದನು. ಆದರೆ 1849ರಲ್ಲಿ ಸರ್ಕಾರ ಬದಲಾದಾಗ ವಿರೋಧ ಪಕ್ಷದವನೆಂಬ ಕಾರಣದಿಂದ ಕೆಲಸ ಹೋಯಿತು. ಪತ್ರಿಕೆಗಳಲ್ಲಿ ವಾದವಿವಾದಗಳೆದ್ದುವು. ಊರ ಮುಂದೆ ಮಾನ ಹರಾಜಾದ ಅನುಭವ ಆತನಿಗೂ ಆಯಿತು. ಅದೇ ವರ್ಷ ಜುಲೈ ತಿಂಗಳ ಕೊನೆಯಲ್ಲಿ ತಾಯಿಯೂ ತೀರಿಕೊಂಡಳು. ಮನೆಖರ್ಚಿನಲ್ಲಿ ಸೋಫಿಯಾ ಉಳಿಸಿಟ್ಟ ಹಣ, ಗೆಳೆಯರು ಕೂಡಿಸಿ ಕಳುಹಿಸಿದ ಹಣ, ಇವುಗಳ ಆಸರೆಯಲ್ಲಿ ಹಾಥಾರ್ನ್ ಬರೆಯಲು ಕುಳಿತನು. 1850ನೆಯ ಮಾರ್ಚ್ ತಿಂಗಳಲ್ಲಿ ಹೊರಬಂದ ಆ ಕೃತಿಯೇ ‘ದಿ ಸ್ಕಾರ್ಲೆಟ್ ಲೆಟರ್’. ಮೊದಲು ಅಚ್ಚಾದ 2500 ಪ್ರತಿಗಳು ಹತ್ತೇ ದಿನಗಳಲ್ಲಿ ಮಾರಾಟವಾದುವು.

ಎರಡು ಶತಮಾನಗಳ ಹಿಂದಿನ ಬಾಸ್ಟನ್ ಪಟ್ಟಣದಲ್ಲಿ ನಡೆಯುವ ಕಥೆಯಿದು. ಹೆಸ್ಟರ್ ಪ್ರಿನ್ ಎಂಬ ತರುಣಿ ಗಂಡನಿಂದ ದೂರವಿದ್ದ ಕಾಲದಲ್ಲಿ ಮಗುವಿನ ತಾಯಿಯಾಗುತ್ತಾಳೆ. ಕೂಸನ್ನು ಎತ್ತಿಕೊಂಡು ಮೂರು ಗಂಟೆಗಳ ಕಾಲ ಶಿಕ್ಷೆಯ ಕಟ್ಟೆಯ ಮೇಲೆ ನಿಲ್ಲಬೇಕು, ಕಡುಗೆಂಪು ಬಣ್ಣದ ಅಕ್ಷರವನ್ನು ಬಾಳಿನುದ್ದಕ್ಕೂ ಎದೆಯ ಮೇಲೆ ಧರಿಸಬೇಕು ಎಂಬುದು ಆಕೆಗೆ ವಿಧಿಸಿದ ದಂಡನೆ. ಮಗುವಿನ ತಂದೆ ಯಾರೆಂಬುದನ್ನು ಆಕೆ ಬಾಯಿ ಬಿಡುವುದಿಲ್ಲ. ಆತನು ಊರಿಗೆಲ್ಲ ಪೂಜ್ಯನಾದ ಧರ್ಮೋಪದೇಶಕ ಡಿಮ್ಸ್‌ಡೇಲ್. ಹೆಸರು ಮರೆಸಿಕೊಂಡು ವೈದ್ಯನಾಗಿ ಬಂದ ಗಂಡ ಚಿಲಿಂಗ್‌ವರ್ತ್, ಸೇಡಿನ ಛಲದಿಂದ ಆ ಉಪದೇಶಕನ ಅಂತರಂಗವನ್ನು ಕೆದಕುತ್ತ ಹೋಗುತ್ತಾನೆ. ಬಹಿರಂಗವಾಗಿ ಅವಮಾನವನ್ನುಂಡ ಹೆಸ್ಟರ್ ಸೂಜಿಯ ಕೆಲಸದಿಂದ ಹೊಟ್ಟೆ ಹೊರೆಯುತ್ತ, ರೋಗಿಗಳ ಸೇವೆ ಮಾಡುತ್ತ ಗಟ್ಟಿಯಾಗುತ್ತಾಳೆ; ತಪ್ಪನ್ನು ಬಚ್ಚಿಟ್ಟ ಉಪದೇಶಕನು ಒಳಗೊಳಗೇ ಕರಗುತ್ತಾನೆ. ಏಳು ವರ್ಷಗಳ ಬಳಿಕ ಅದೇ ಕಟ್ಟೆಯನ್ನು ತಾನಾಗಿಯೇ ಏರಿ, ಸತ್ಯವನ್ನು ನುಡಿದು ಪ್ರಾಣ ಬಿಡುತ್ತಾನೆ. ಕಾಲಾನಂತರ ಹೆಸ್ಟರ್ ಯಾರ ಬಲವಂತವೂ ಇಲ್ಲದೆ ಅದೇ ಊರಿಗೆ ಮರಳುತ್ತಾಳೆ. ಆಗ ಲಜ್ಜೆಯ ಗುರುತಾಗಿದ್ದ ಅಕ್ಷರವೇ ನೊಂದ ಹೆಂಗಸರಿಗೆ ಸಾಂತ್ವನದ ಗುರುತಾಗುತ್ತದೆ.

ಹೆಸ್ಟರಳದು ತಪ್ಪೇ ಅಲ್ಲವೆಂದು ಹಾಥಾರ್ನ್ ವಾದಿಸಲಿಲ್ಲ. ಆದರೆ ಬಲಹೀನತೆಯಿಂದಾದ ತಪ್ಪಿಗಿಂತ, ಮತ್ತೊಬ್ಬರ ಹೃದಯವನ್ನು ತಣ್ಣಗೆ ಸೀಳಿ ನೋಡುವ ಕ್ರೌರ್ಯ ದೊಡ್ಡ ಪಾಪವೆಂದು ತೋರಿಸಿದನು. ಪೂರ್ವಜರು ಯಾರನ್ನು ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದರೋ ಅಂಥವಳ ಪಕ್ಕದಲ್ಲಿ ನಿಂತು ನೋಡಿದನು. ಕಾದಂಬರಿಯ ಪೀಠಿಕೆಯಲ್ಲಿ ಆ ಇಬ್ಬರು ಪೂರ್ವಜರ ಕೃತ್ಯಗಳನ್ನು ಹೇಳಿ, ಅವರ ಲಜ್ಜೆಯನ್ನು ತಾನು ಹೊರುವುದಾಗಿಯೂ, ಅವರಿಂದ ವಂಶಕ್ಕೆ ತಟ್ಟಿದ ಶಾಪ ಇನ್ನಾದರೂ ನೀಗಲೆಂದೂ ತಿಳಿಸಿದನು. ನ್ಯಾಯಾಧೀಶನು ಮಾಡದೆ ಉಳಿಸಿದ ತಪ್ಪೊಪ್ಪಿಗೆ ಹೀಗೆ ಪೂರ್ಣವಾಯಿತು.

ಇಂಥವನೂ ತನ್ನ ಕಾಲದ ಅನ್ಯಾಯವನ್ನು ಪೂರ್ತಿಯಾಗಿ ಕಾಣಲಿಲ್ಲವೆಂಬುದನ್ನು ಮರೆಮಾಚುವಂತಿಲ್ಲ. 1852ರ ಚುನಾವಣೆಯಲ್ಲಿ ಗೆಳೆಯ ಪಿಯರ್ಸನ ಜೀವನಚರಿತ್ರೆಯನ್ನು ಬರೆದಾಗ, ಗುಲಾಮಗಿರಿಯನ್ನು ಮನುಷ್ಯ ಪ್ರಯತ್ನದಿಂದ ಕಿತ್ತೊಗೆಯುವುದಕ್ಕಿಂತ ದೈವಸಂಕಲ್ಪಕ್ಕೆ ಬಿಡುವುದೇ ಲೇಸೆಂಬ ನಿಲುವನ್ನು ತಾಳಿದನು. ಇನ್ನೂರು ವರ್ಷಗಳ ಹಿಂದಿನ ಚಾವಟಿಗೆ ಮಿಡಿದ ಹೃದಯ ಕಣ್ಣೆದುರಿನ ಚಾವಟಿಗೆ ಅಷ್ಟು ಮಿಡಿಯಲಿಲ್ಲ. ಹಿಂದಿನವರ ತಪ್ಪನ್ನು ಗುರುತಿಸುವುದಕ್ಕಿಂತ ನಮ್ಮ ದಿನದ ತಪ್ಪನ್ನು ಗುರುತಿಸುವುದು ಕಠಿಣವೆಂಬುದಕ್ಕೆ ಆತನ ಬಾಳೇ ಸಾಕ್ಷಿ.

ಗೆದ್ದ ಪಿಯರ್ಸ್ 1853ರಲ್ಲಿ ಆತನನ್ನು ಲಿವರ್‌ಪೂಲಿಗೆ ರಾಯಭಾರ ಅಧಿಕಾರಿಯಾಗಿ ಕಳುಹಿಸಿದನು. ಅಲ್ಲಿಯ ಬಡವರ ಆಶ್ರಮವೊಂದನ್ನು ನೋಡಹೋದಾಗ, ರೋಗದಿಂದ ವಿರೂಪಗೊಂಡ ಮಗುವೊಂದು ಎತ್ತಿಕೊಳ್ಳೆಂದು ಕೈಚಾಚಿತು. ಸ್ವಭಾವದಿಂದ ಸಂಕೋಚಿಯಾದ ಆತನು ಒಳಗೆ ಅಳುಕಿದರೂ ಅದನ್ನು ಎತ್ತಿ ಮುದ್ದಿಸಿದನು. ಮುಂದೆ ಈ ಪ್ರಸಂಗವನ್ನು ಗ್ರಂಥದಲ್ಲಿ ಬರೆಯುವಾಗ, ಮಗುವನ್ನು ಎತ್ತಿಕೊಂಡವನು ತಂಡದ ಬೇರೊಬ್ಬನೆಂಬಂತೆ ಚಿತ್ರಿಸಿದನು. ಪಾಪವನ್ನು ಬಚ್ಚಿಡಬಾರದೆಂದು ತೋರಿಸಿದವನು ತನ್ನ ಪುಣ್ಯವನ್ನು ಬಚ್ಚಿಟ್ಟನು!

1864ನೆಯ ಮೇ 19ರಂದು, ಪಿಯರ್ಸನೊಡನೆ ಪ್ರವಾಸದಲ್ಲಿದ್ದಾಗ, ಹಾಥಾರ್ನ್ ನಿದ್ರೆಯಲ್ಲಿಯೇ ಕೊನೆಯುಸಿರೆಳೆದನು. ಕಿರಿಯ ಮಗಳು ರೋಸ್ ಮುಂದೆ ನ್ಯೂಯಾರ್ಕಿನಲ್ಲಿ, ಯಾರೂ ಹತ್ತಿರ ಸೇರಿಸದ ಬಡ ಕ್ಯಾನ್ಸರ್ ರೋಗಿಗಳ ಶುಶ್ರೂಷೆಗೆ ತನ್ನನ್ನು ಅರ್ಪಿಸಿಕೊಂಡು, 1900ರಲ್ಲಿ ಸನ್ಯಾಸಿನಿಯಾದಳು. ತಂದೆ ಅಂದು ಎತ್ತಿಕೊಂಡ ಮಗುವಿನ ನೆನಪು ಆಕೆಗೆ ದಾರಿದೀಪವಾಗಿತ್ತು.

ದಂಡಿಸಿದವರ ವಂಶ ಹೀಗೆ ಶುಶ್ರೂಷೆ ಮಾಡುವವರ ವಂಶವಾಯಿತು. ನ್ಯಾಯಪೀಠದಲ್ಲಾಗಲಿ, ಮನೆಯಲ್ಲಾಗಲಿ, ಶಾಲೆಯ ತರಗತಿಯಲ್ಲಾಗಲಿ ಶಿಕ್ಷಿಸುವ ಅಧಿಕಾರವುಳ್ಳವರು ಈ ಬಾಳಿನಿಂದ ಅರಿಯಬೇಕಾದ ಮಾತೊಂದಿದೆ. ತಪ್ಪನ್ನು ತಿದ್ದುವುದು ಬೇರೆ, ತಪ್ಪಿದವರನ್ನು ಹತ್ತು ಜನರ ಮುಂದೆ ನಿಲ್ಲಿಸಿ ಕುಗ್ಗಿಸುವುದು ಬೇರೆ. ಮೊದಲನೆಯದು ಮನುಷ್ಯನನ್ನು ಮರಳಿ ಸಮಾಜಕ್ಕೆ ತರುತ್ತದೆ. ಎರಡನೆಯದರ ಕಲೆ ಶಿಕ್ಷಿಸಿದವರ ಮನೆತನದಲ್ಲಿಯೂ ತಲೆಮಾರುಗಳವರೆಗೆ ಉಳಿಯುತ್ತದೆ.