ಸಂಬಳ ಬೇಡವೆಂದ ಬಿಲ್ ವಿಲ್ಸನ್

ವ್ಯಸನಮುಕ್ತಿ ಆಪ್ತಸಮಾಲೋಚಕರಾಗಬೇಕು ಎಂದರೆ ಸುತ್ತಲಿನವರು ಎರಡು ಬಗೆಯ ಮಾತು ಹೇಳುತ್ತಾರೆ. ಕುಡಿತದ ನರಕ ಕಂಡವನೇ ಇನ್ನೊಬ್ಬ ಕುಡುಕನನ್ನು ಬಿಡಿಸಬಲ್ಲ, ಪುಸ್ತಕ ಓದಿದವರಿಂದ ಏನಾದೀತು ಎನ್ನುವುದು ಒಂದು. ಪದವಿ, ತರಬೇತಿ ಇಲ್ಲದವರು ರೋಗಿಯ ಹತ್ತಿರವೂ ಸುಳಿಯಬಾರದು ಎನ್ನುವುದು ಇನ್ನೊಂದು. ಸಮಾಜಕಾರ್ಯದ ವಿದ್ಯಾರ್ಥಿಯಾದ ನಾನು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿದ್ದಾಗ ಓದಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಇಬ್ಬರು ಸ್ಥಾಪಕರಲ್ಲಿ ಒಬ್ಬನಾದ ಬಿಲ್ ವಿಲ್ಸನ್‌ನ ಬದುಕನ್ನು. ಆತ ಸಮಾಲೋಚನೆಯಲ್ಲಿ ಯಾವ ಪದವಿಯನ್ನೂ ಪಡೆದವನಲ್ಲ. ಆದರೂ ಈ ವೃತ್ತಿಗೆ ಬರಬಯಸುವವರು ಅವನ ಕಥೆಯನ್ನು ಒಮ್ಮೆ ಓದಲೇಬೇಕು ಎಂದು ನನಗನ್ನಿಸಿದೆ.

ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ. ಅಜ್ಜಿ ನಡೆಸುತ್ತಿದ್ದ ಹೋಟೆಲಿನ ಬಾರ್‌ನ ಹಿಂದಿನ ಕೋಣೆಯೇ ಅವನ ಜನ್ಮಸ್ಥಳ. ಅವನಿಗೆ ಹತ್ತು ಹನ್ನೊಂದು ವರ್ಷವಾಗುವಷ್ಟರಲ್ಲಿ ಅಪ್ಪ ಮನೆ ಬಿಟ್ಟು ಹೋದ, ಅಮ್ಮ ವೈದ್ಯಕೀಯ ಓದಲು ಬಾಸ್ಟನ್ ಸೇರಿದಳು. ತಾಯಿಯ ತಂದೆತಾಯಿಯ ಬಳಿ ಬೆಳೆದ ಹುಡುಗ ಹಟಮಾರಿ. ಬೂಮರಾಂಗ್ ಮಾಡುವುದು ಆಸ್ಟ್ರೇಲಿಯಾದವರಿಗೆ ಮಾತ್ರ ಗೊತ್ತು ಎಂದು ಅಜ್ಜ ಅಂದದ್ದೇ ತಡ, ತಿಂಗಳುಗಟ್ಟಲೆ ಮರ ಕೆತ್ತಿ ಮಾಡಿಯೇ ತೋರಿಸಿದ. 1912ರಲ್ಲಿ ಅವನು ಪ್ರೀತಿಸುತ್ತಿದ್ದ ಸಹಪಾಠಿ ಬರ್ತಾ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಅವನು ದೀರ್ಘಕಾಲ ಖಿನ್ನತೆಗೆ ಜಾರಿದ. ಆ ಖಿನ್ನತೆ ಬದುಕಿನುದ್ದಕ್ಕೂ ಮತ್ತೆ ಮತ್ತೆ ಮರಳಿ ಬಂತು.

ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆಯ ಯುವ ಅಧಿಕಾರಿಯಾಗಿದ್ದ ಅವನು 1917ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ನಡೆದ ಒಂದು ಪಾರ್ಟಿಯಲ್ಲಿ ಕುಡಿದ. ಜನರ ನಡುವೆ ಸಂಕೋಚದಿಂದ ಮುದುಡುತ್ತಿದ್ದವನಿಗೆ ಆ ಲೋಟ ಧೈರ್ಯ ತಂದುಕೊಟ್ಟಿತು. 1918ರ ಜನವರಿ 24ರಂದು ಲೋಯಿಸ್ ಎಂಬಾಕೆಯನ್ನು ಮದುವೆಯಾದ. ಯುದ್ಧ ಮುಗಿಸಿ ಬಂದು ಬ್ರೂಕ್ಲಿನ್‌ನಲ್ಲಿ ಕಾನೂನು ಓದಿದನಾದರೂ ಕುಡಿತದ ದೆಸೆಯಿಂದ ಪದವಿ ಕೈಗೆ ಬರಲಿಲ್ಲ. ಬುದ್ಧಿವಂತಿಕೆಗೇನೂ ಕೊರತೆಯಿರಲಿಲ್ಲ. 1925ರಲ್ಲಿ ಗಂಡಹೆಂಡತಿ ಮೋಟಾರ್ ಸೈಕಲ್ ಏರಿ ಊರೂರು ಸುತ್ತಿ, ಕಂಪನಿಗಳನ್ನು ಕಣ್ಣಾರೆ ಕಂಡು ವರದಿ ಬರೆದರು. ಷೇರುಪೇಟೆಯಲ್ಲಿ ಅವನಿಗೆ ಹಣವೂ ಹೆಸರೂ ಬಂದವು. 1929ರ ಕುಸಿತದಲ್ಲಿ ಎಲ್ಲವೂ ಹೋಯಿತು, ಕುಡಿತ ಮಾತ್ರ ಉಳಿಯಿತು. ದಂಪತಿ ಲೋಯಿಸ್‌ಳ ತವರುಮನೆ ಸೇರಿದರು. ಅವಳು ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರಲ್ಲಿ ದುಡಿದು ಮನೆ ನಡೆಸಿದಳು.

1933 ಮತ್ತು 1934ರಲ್ಲಿ ವಿಲ್ಸನ್ ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ನಾಲ್ಕು ಸಲ ಸೇರಿದ. ಅಲ್ಲಿ ಅವನನ್ನು ನೋಡಿದವರು ಡಾ. ವಿಲಿಯಂ ಸಿಲ್ಕ್‌ವರ್ತ್. ಕುಡಿತ ಎಂದರೆ ನಡತೆಗೇಡಿತನ ಎಂದು ಜನ ತಿಳಿದಿದ್ದ ಕಾಲದಲ್ಲಿ ಅದನ್ನು ದೇಹ ಮತ್ತು ಮನಸ್ಸು ಎರಡನ್ನೂ ಹಿಡಿದ ಕಾಯಿಲೆ ಎಂದು ವಿವರಿಸಿದ ವೈದ್ಯರು ಅವರು. 1934ರ ನವೆಂಬರ್‌ನಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯ ಮನೆಗೆ ಬಂದ. ಅವನೂ ಮಹಾ ಕುಡುಕನಾಗಿದ್ದವನು, ಆದರೆ ಆ ದಿನ ಮುಂದಿಟ್ಟ ಲೋಟವನ್ನು ಮುಟ್ಟಲಿಲ್ಲ. ತಾನು ಹೇಗೆ ಬಿಟ್ಟೆ ಎಂಬುದನ್ನಷ್ಟೇ ಹೇಳಿ ಹೋದ. ಡಿಸೆಂಬರ್ 11ರಂದು ವಿಲ್ಸನ್ ಕೊನೆಯ ಬಾರಿ ಆಸ್ಪತ್ರೆ ಸೇರಿದ. ಅಲ್ಲಿ ಒಂದು ರಾತ್ರಿ ಅವನಿಗೆ ಆಳವಾದ ಆಧ್ಯಾತ್ಮಿಕ ಅನುಭವವಾಯಿತು. ತನಗೆ ಹುಚ್ಚು ಹಿಡಿಯಿತೇ ಎಂದು ಅವನು ಹೆದರಿದಾಗ, ಅದು ಹುಚ್ಚಲ್ಲ, ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೋ ಎಂದು ಧೈರ್ಯ ತುಂಬಿದವರು ಅದೇ ಸಿಲ್ಕ್‌ವರ್ತ್. ಆಗ 39 ವರ್ಷದವನಾಗಿದ್ದ ವಿಲ್ಸನ್ ಮುಂದೆಂದೂ ಕುಡಿಯಲಿಲ್ಲ.

ಇಲ್ಲಿಂದ ಮುಂದಿನ ಆರು ತಿಂಗಳನ್ನು ನಾನು ಅವನ ತರಬೇತಿಯ ಅವಧಿ ಎಂದೇ ಭಾವಿಸುತ್ತೇನೆ. ಹೊಸ ಹುರುಪಿನಲ್ಲಿ ಅವನು ಆಸ್ಪತ್ರೆ, ಬೀದಿ, ಆಶ್ರಯತಾಣಗಳಲ್ಲಿ ಸಿಕ್ಕ ಸಿಕ್ಕ ಕುಡುಕರಿಗೆ ತನ್ನ ದಿವ್ಯಾನುಭವದ ಉಪದೇಶ ಮಾಡಿದ. ಕೆಲವರನ್ನು ಮನೆಗೇ ಕರೆತಂದು ಇಟ್ಟುಕೊಂಡ. ಒಬ್ಬನೂ ಕುಡಿತ ಬಿಡಲಿಲ್ಲ. ಬೇಸತ್ತು ಕುಳಿತವನಿಗೆ ಲೋಯಿಸ್ ಒಂದು ಸತ್ಯವನ್ನು ನೆನಪಿಸಿದಳು: ಬೇರೆ ಯಾರೂ ಬಿಡದಿದ್ದರೂ ಅವನಂತೂ ಕುಡಿಯದೆ ಉಳಿದಿದ್ದ. ಸಿಲ್ಕ್‌ವರ್ತ್ ಇನ್ನೊಂದು ಮಾತು ಹೇಳಿದರು. ಉಪದೇಶ ನಿಲ್ಲಿಸು, ಮೊದಲು ಕಾಯಿಲೆಯ ಬಗ್ಗೆ ಮಾತಾಡು, ಕೇಳುವವನಿಗೆ ತನ್ನ ಸ್ಥಿತಿ ಅರ್ಥವಾಗಲಿ ಎಂಬುದು ಅವರ ಸಲಹೆ.

ಆ ಸಲಹೆ ಫಲ ಕೊಟ್ಟದ್ದು 1935ರ ಮೇ ತಿಂಗಳಲ್ಲಿ. ವ್ಯಾಪಾರದ ಕೆಲಸದ ಮೇಲೆ ಒಹಾಯೊ ರಾಜ್ಯದ ಆಕ್ರನ್ ಊರಿಗೆ ಹೋಗಿದ್ದ ವಿಲ್ಸನ್‌ನ ಪ್ರಯತ್ನ ಕೆಟ್ಟಿತು. ಕೈಯಲ್ಲಿ ಹಣವಿಲ್ಲ, ಊರು ಹೊಸದು, ಹೋಟೆಲಿನ ಬಾರ್‌ನಿಂದ ನಗುವಿನ ಸದ್ದು ಕೇಳುತ್ತಿತ್ತು. ಈಗ ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತಾಡಲೇಬೇಕು ಎಂದು ಅವನಿಗೆ ಹೊಳೆಯಿತು. ಹೋಟೆಲಿನಿಂದ ಚರ್ಚ್‌ನ ಪಾದ್ರಿಯೊಬ್ಬರಿಗೆ ಫೋನ್ ಮಾಡಿದ. ಅವರ ಮೂಲಕ ಒಬ್ಬರಿಂದೊಬ್ಬರಿಗೆ ಸಂಪರ್ಕ ಬೆಳೆದು, ಮರುದಿನ ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕರ ಭೇಟಿಯಾಯಿತು. ಕುಡಿತದಿಂದ ವೃತ್ತಿಯನ್ನೇ ಹಾಳುಮಾಡಿಕೊಂಡಿದ್ದ ಸ್ಮಿತ್ ಹದಿನೈದು ನಿಮಿಷವಷ್ಟೇ ಕೂರುವುದಾಗಿ ಹೆಂಡತಿಗೆ ಹೇಳಿ ಬಂದಿದ್ದರು. ಸಂಜೆ ಐದಕ್ಕೆ ಶುರುವಾದ ಮಾತು ರಾತ್ರಿಯವರೆಗೆ ನಡೆಯಿತು. ವಿಲ್ಸನ್ ಅಂದು ಬುದ್ಧಿ ಹೇಳಲಿಲ್ಲ. ತನ್ನ ಕಥೆ ಹೇಳಿದ, ತನಗೇ ಸಹಾಯ ಬೇಕು ಎಂದ. ಸ್ಮಿತ್ ನಂತರ ಒಮ್ಮೆ ಮರಳಿ ಕುಡಿದರೂ 1935ರ ಜೂನ್ 10 ಅವರ ಕೊನೆಯ ಕುಡಿತದ ದಿನವೆನಿಸಿತು. ಆ ದಿನವನ್ನೇ ಸಂಘದ ಸ್ಥಾಪನಾ ದಿನವೆಂದು ಇಂದಿಗೂ ಆಚರಿಸುತ್ತಾರೆ.

ಉದ್ಯೋಗ ಹುಡುಕುವ ನಮ್ಮನ್ನು ನೇರವಾಗಿ ತಟ್ಟುವ ಘಟನೆ ನಡೆದದ್ದು 1936ರಲ್ಲಿ. ವಿಲ್ಸನ್‌ನಿಂದಾಗಿ ಕೆಲವರು ಚೇತರಿಸಿಕೊಂಡಿದ್ದನ್ನು ಕಂಡ ಚಾರ್ಲ್ಸ್ ಟೌನ್ಸ್ ತನ್ನ ಆಸ್ಪತ್ರೆಯಲ್ಲೇ ಅವನಿಗೆ ಚಿಕಿತ್ಸಕನ ಕೆಲಸ ಕೊಡಲು ಮುಂದೆ ಬಂದ. ಕೋಣೆ, ಸಂಬಳ, ಲಾಭದಲ್ಲಿ ಪಾಲು ಎಲ್ಲವೂ ಸಿದ್ಧವಿತ್ತು. ಹೆಂಡತಿಯ ದುಡಿಮೆಯಲ್ಲಿ ಬದುಕುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಅವಕಾಶ ಯಾವುದು? ಖುಷಿಯಿಂದ ಮನೆಗೆ ಬಂದು, ಅಂದು ಸಂಜೆ ಸೇರಿದ್ದ ಗೆಳೆಯರಿಗೆ ವಿಷಯ ತಿಳಿಸಿದ. ಅವರು ಮುಖ ಸಪ್ಪೆ ಮಾಡಿದರು. ಒಬ್ಬರಿಗೊಬ್ಬರು ಸಮಾನರಾಗಿ ಕೂತು ಮಾತಾಡುವ ತಮ್ಮ ನಡುವೆ ಒಬ್ಬನಷ್ಟೇ ಹಣ ಪಡೆದರೆ, ಅದೂ ಒಂದು ಆಸ್ಪತ್ರೆಯ ಪರವಾಗಿ, ಈ ನಂಬಿಕೆ ಉಳಿಯದು ಎಂದರು. ವಿಲ್ಸನ್ ವಾದಿಸಲಿಲ್ಲ. ಆ ಕೆಲಸವನ್ನು ಬಿಟ್ಟುಕೊಟ್ಟ. ಮೂರು ವರ್ಷಗಳ ನಂತರ ದಂಪತಿ ಇದ್ದ ಮನೆಯನ್ನೂ ಕಳೆದುಕೊಂಡು, ಎರಡು ವರ್ಷ ಗೆಳೆಯರ ಮನೆಗಳಲ್ಲಿ ಅಲೆದರು.

ಹಾಗಾದರೆ ಈ ಕೆಲಸಕ್ಕೆ ಸಂಬಳ ಪಡೆಯುವುದೇ ತಪ್ಪೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕಥೆಯನ್ನು ಇನ್ನೊಮ್ಮೆ ನೋಡಿದಾಗ ಉತ್ತರ ಅಲ್ಲೇ ಇತ್ತು. ವಿಲ್ಸನ್‌ನನ್ನು ಬದುಕಿಸಿದ ಸಿಲ್ಕ್‌ವರ್ತ್ ಸಂಬಳ ಪಡೆಯುತ್ತಿದ್ದ ವೈದ್ಯರೇ. ವಿಲ್ಸನ್ ಸಂಬಳ ಬೇಡವೆಂದದ್ದು ಸಮಾನರ ನಡುವಿನ ಗೆಳೆತನಕ್ಕೆ, ವೃತ್ತಿಗಲ್ಲ. ಅವನೇ ಮುಂದೆ ತಾನು ಬರೆದ ಪುಸ್ತಕದ ಗೌರವಧನದಿಂದ ಬದುಕಿದ. ಸಂಘ ನಂತರ ರೂಪಿಸಿಕೊಂಡ ಸಂಪ್ರದಾಯದಲ್ಲೂ ಒಬ್ಬ ಸದಸ್ಯ ಇನ್ನೊಬ್ಬನಿಗೆ ನೀಡುವ ನೆರವಿಗೆ ಹಣವಿಲ್ಲ. ಆದರೆ ಸದಸ್ಯನೊಬ್ಬ ಹೊರಗೆ ಸಮಾಲೋಚಕನಾಗಿ ದುಡಿಯಲು ಅಡ್ಡಿಯೂ ಇಲ್ಲ. ಗೆಳೆಯ ಮತ್ತು ವೃತ್ತಿಪರ ಇಬ್ಬರೂ ಬೇಕು, ಒಬ್ಬ ಇನ್ನೊಬ್ಬನ ವೇಷ ಹಾಕಬಾರದು. ನನಗೆ ತಿಳಿದದ್ದು ಇಷ್ಟು.

1939ರಲ್ಲಿ ಸಂಘದ ಪುಸ್ತಕ ಹೊರಬಂತು. 1941ರ ಮಾರ್ಚ್‌ನಲ್ಲಿ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದಾಗಿ ಸುಮಾರು 2,000 ಇದ್ದ ಸದಸ್ಯರ ಸಂಖ್ಯೆ ವರ್ಷಾಂತ್ಯಕ್ಕೆ 8,000 ಮುಟ್ಟಿತು. ಅತ್ತ 1943ರಲ್ಲಿ ಯೇಲ್ ವಿಶ್ವವಿದ್ಯಾಲಯ ಮದ್ಯವ್ಯಸನದ ಅಧ್ಯಯನಕ್ಕೆಂದೇ ಬೇಸಿಗೆ ಶಾಲೆ ತೆರೆಯಿತು. ಅಲ್ಲಿ ವಿಜ್ಞಾನಿಗಳ ನಡುವೆ ನಿಂತು ಪಾಠ ಮಾಡಿದವರಲ್ಲಿ ವಿಲ್ಸನ್‌ನೂ ಒಬ್ಬ. 1950ರ ದಶಕದಲ್ಲಿ ಮಿನ್ನೆಸೋಟದ ವಿಲ್ಮರ್ ಸರ್ಕಾರಿ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ವ್ಯಸನಿಗಳನ್ನೇ ಸಮಾಲೋಚಕರನ್ನಾಗಿ ನೇಮಿಸಿದರು. ವೈದ್ಯ, ನರ್ಸ್, ಮನಶ್ಶಾಸ್ತ್ರಜ್ಞರ ಜೊತೆ ಅವರೂ ಒಂದೇ ತಂಡವಾದರು. ಇಂದು ನಾವು ವೃತ್ತಿ ಎಂದು ಕರೆಯುವುದು ಬೆಳೆದದ್ದು ಹೀಗೆ, ಅನುಭವ ಮತ್ತು ಓದು ಎರಡೂ ಒಂದೇ ಮೇಜಿಗೆ ಬಂದಾಗ.

ವಿಲ್ಸನ್‌ನನ್ನು ದೇವರ ಪಟದ ಪಕ್ಕ ಇಡುವ ಅಗತ್ಯವಿಲ್ಲ. 1944ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ತೀವ್ರ ಖಿನ್ನತೆ ಹಿಡಿದಿತ್ತು, ಅದಕ್ಕೆ ಮನೋವೈದ್ಯರ ನೆರವು ಪಡೆದ. 1956ರಲ್ಲಿ ವೈದ್ಯರ ನಿಗಾದಲ್ಲಿ ಎಲ್‌ಎಸ್‌ಡಿ ಪ್ರಯೋಗಕ್ಕೆ ಒಳಗಾದದ್ದು ಸಂಘದ ಹಲವರಿಗೆ ಹಿಡಿಸಲಿಲ್ಲ. ಲಕ್ಷಾಂತರ ಜನರ ಕುಡಿತ ಬಿಡಿಸಿದ ಸಂಘ ಕಟ್ಟಿದವನಿಗೆ ಸಿಗರೇಟು ಬಿಡುವುದು ದಶಕಗಳ ಕಾಲ ಸಾಧ್ಯವಾಗಲಿಲ್ಲ. ಶ್ವಾಸಕೋಶದ ಎಂಫಿಸೀಮಾದಿಂದ ನರಳಿ 1971ರ ಜನವರಿ 24ರಂದು, ಮದುವೆಯ ವಾರ್ಷಿಕೋತ್ಸವದ ದಿನವೇ, ಮಯಾಮಿಯಲ್ಲಿ ತೀರಿಕೊಂಡ. ಮನಸ್ಸು ಗಟ್ಟಿ ಮಾಡಿಕೊಂಡರೆ ಚಟ ಬಿಡಬಹುದು ಎಂದು ಸುಲಭವಾಗಿ ಹೇಳುವವರಿಗೆ ಈ ಸಾವೇ ಉತ್ತರ. ಲೋಯಿಸ್‌ಳನ್ನೂ ಮರೆಯುವಂತಿಲ್ಲ. ಕುಡಿಯುವವರ ಮನೆಯವರಿಗೂ ನೆರವು ಬೇಕೆಂದು 1951ರಲ್ಲಿ ಅಲ್-ಅನಾನ್ ಸಂಘ ಕಟ್ಟಿದವರಲ್ಲಿ ಅವಳು ಮುಖ್ಯಳು.

ಈ ಬದುಕಿನ ಪಾಠಗಳು ನನ್ನ ಪಠ್ಯದಲ್ಲೂ ಬೇರೆ ಹೆಸರಿನಲ್ಲಿ ಎದುರಾಗುತ್ತವೆ. ಉಪದೇಶ ಬಿಟ್ಟು, ಬದಲಾಗಲು ಅವರದೇ ಕಾರಣಗಳನ್ನು ಅವರ ಬಾಯಿಂದಲೇ ಹೊರಡಿಸುವ ಪ್ರೇರಣಾತ್ಮಕ ಸಂದರ್ಶನವನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟರು. ಮರಳಿ ಕುಡಿದವರನ್ನು ಬೈಯದೆ, ಯಾವ ಸನ್ನಿವೇಶ ಎಳೆಯಿತು ಎಂದು ಜೊತೆಗೂಡಿ ಹುಡುಕುವುದನ್ನು ಕಲಿಯುತ್ತೇವೆ. ಜೊತೆಗೆ, ಅನುಭವವೊಂದೇ ಕಲಿಸಲಾರದ ಸಂಗತಿಗಳೂ ಇವೆ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಗುರುತಿಸಿ ತಕ್ಷಣ ವೈದ್ಯರ ಬಳಿ ಕಳಿಸುವುದು, ಆತ್ಮಹತ್ಯೆಯ ಸುಳಿವು ಹಿಡಿಯುವುದು, ಗೋಪ್ಯತೆ ಕಾಯುವುದು, ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದು, ಇವಕ್ಕೆ ತರಬೇತಿಯೇ ಬೇಕು.

ನಮ್ಮಲ್ಲಿ ಈ ದಾರಿಗೆ ಬರುವವರು ಸಾಮಾನ್ಯವಾಗಿ ಎಂ.ಎಸ್.ಡಬ್ಲ್ಯು. ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಮಾಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಕೋರ್ಸ್ ಮತ್ತು ನೋಂದಣಿ ಕಡ್ಡಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನೆರವಿನಿಂದ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳಲ್ಲಿ ಸಮಾಲೋಚಕರ ಹುದ್ದೆಗಳಿವೆ. ವಿಲ್ಸನ್‌ನ ಸಂಘ 1957ರಲ್ಲೇ ಭಾರತಕ್ಕೆ ಬಂತು. ಅದರ ಮುಕ್ತ ಸಭೆಗಳಿಗೆ ಹೊರಗಿನವರೂ ಹೋಗಬಹುದು. ಈ ಕೋರ್ಸ್ ಸೇರುವ ಮುನ್ನ ಅಂಥ ಒಂದು ಸಭೆಯಲ್ಲಿ ಸುಮ್ಮನೆ ಕೂತು ಕೇಳಿ ಎಂದು ಗೆಳೆಯರಿಗೆ ಹೇಳುತ್ತೇನೆ. ಸಲಹೆ ಕೊಡಲು ಬಾಯಿ ತುರಿಸದೆ ಒಂದು ಗಂಟೆ ಕೂರಲು ಸಾಧ್ಯವಾದರೆ, ಓದಿ ಕಲಿಯುವುದಷ್ಟೇ ಬಾಕಿ.