ಬತ್ತಿಯಿಂದ ಚಕಮಕಿಗೆ: ಟಿಪ್ಪು ಸುಲ್ತಾನನ ಪಿಸ್ತೂಲು ಹೇಳುವ ಕಥೆ

ಕೊಪ್ಪಳ: ಯಲಬುರ್ಗಾ, ಕುಕನೂರು, ಮಂಗಳೂರು ಕಡೆಯಿಂದ ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಬೆಟ್ಟದ ಮೇಲಿನ ಕೋಟೆ ಹೊಸದೇನಲ್ಲ. ಸ್ಥಳೀಯ ಪಾಳೆಯಗಾರನಿಂದ 1786ರಲ್ಲಿ ಈ ಕೋಟೆಯನ್ನು ವಶಪಡಿಸಿಕೊಂಡ ಟಿಪ್ಪು ಸುಲ್ತಾನ, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಮರುನಿರ್ಮಿಸಿದ. ಹಳೆಯದನ್ನು ಕೆಡವಿ ಹಾಕದೆ, ಹೊರನಾಡಿನ ಹೊಸ ವಿದ್ಯೆಯನ್ನು ಅದಕ್ಕೆ ಜೋಡಿಸುವುದು ಅವನ ರೀತಿ. ಕೋಟೆಯ ವಿಷಯದಲ್ಲಿ ನಡೆದುದೇ ಆತನ ಕೈಯಲ್ಲಿದ್ದ ಬಂದೂಕು, ಪಿಸ್ತೂಲುಗಳ ವಿಷಯದಲ್ಲೂ ನಡೆಯಿತು. ಕತ್ತಿಗಳಿಂದಲೇ ಹೆಚ್ಚು ನೆನಪಾಗುವ ಈ ದೊರೆಯ ಬದುಕನ್ನು ಪಿಸ್ತೂಲಿನ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ.

ಮಾಹೆ ಕಲಿಸಿದ ಪಾಠ

ಟಿಪ್ಪು ಹುಟ್ಟಿದ್ದು 1750ರ ನವೆಂಬರಿನಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಅಕ್ಷರ ಕಲಿತವನಲ್ಲ. ಆದರೆ ಮಗನಿಗೆ ಓದು, ಕುದುರೆ ಸವಾರಿ, ಶಸ್ತ್ರವಿದ್ಯೆಗಳನ್ನು ಕಲಿಸುವುದರಲ್ಲಿ ಕೊರತೆ ಮಾಡಲಿಲ್ಲ. ಮೊದಲ ಆಂಗ್ಲೋ-ಮೈಸೂರು ಯುದ್ಧದ ವೇಳೆಗೆ, ಅಂದರೆ 1767ರಲ್ಲಿ, ಇನ್ನೂ ಹದಿಹರೆಯದ ಟಿಪ್ಪು ಮದರಾಸಿನ ಹೊರವಲಯದವರೆಗೆ ಅಶ್ವದಳ ನಡೆಸಿದ್ದ.

ಆ ಕಾಲದಲ್ಲಿ ಮೈಸೂರಿಗೆ ಉತ್ತಮ ಬಂದೂಕುಗಳು ಬರುತ್ತಿದ್ದ ಮುಖ್ಯ ದಾರಿಗಳಲ್ಲಿ ಮಲಬಾರ್ ತೀರದ ಫ್ರೆಂಚ್ ಬಂದರು ಮಾಹೆಯೂ ಒಂದು. 1779ರ ಮಾರ್ಚಿನಲ್ಲಿ ಇಂಗ್ಲಿಷರು ಮಾಹೆಯನ್ನು ವಶಪಡಿಸಿಕೊಂಡರು. ಹೈದರನ ಸಿಟ್ಟಿಗೆ ಇದು ದೊಡ್ಡ ಕಾರಣವಾಯಿತು. ಮರುವರ್ಷವೇ ಎರಡನೆಯ ಯುದ್ಧ ಆರಂಭವಾಯಿತು. ಪರರ ಬಂದರಿನಿಂದ ಬರುವ ಆಯುಧವನ್ನು ನಂಬಿ ರಾಜ್ಯ ಕಟ್ಟಲಾಗದು ಎಂಬುದು ತಂದೆ-ಮಗ ಇಬ್ಬರಿಗೂ ಆಗ ಮನದಟ್ಟಾಗಿರಬೇಕು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಮೈಸೂರಿನ ಸೈನ್ಯದ ಎದುರು ನೆಲಕಚ್ಚಿತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1784ರ ಮಾರ್ಚ್ 11ರಂದು ಕರಾವಳಿಯ ಮಂಗಳೂರಿನಲ್ಲಿ ಆದ ಒಪ್ಪಂದದೊಂದಿಗೆ ಯುದ್ಧ ಮುಗಿಯಿತು. ಅಲ್ಲಿಂದ ಟಿಪ್ಪುವಿನ ಗಮನ ಕಾರ್ಖಾನೆಗಳ ಕಡೆ ಹರಿಯಿತು.

ಆಯ್ಕೆಯ ಮರ್ಮ

ಆಗ ಭಾರತದ ಬಹುಪಾಲು ಸೈನಿಕರ ಕೈಯಲ್ಲಿದ್ದುದು ಬತ್ತಿ ಬಂದೂಕು. ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸಿ ಗುಂಡು ಹಾರಿಸುವ ಈ ಆಯುಧ ಅಗ್ಗದ್ದು, ಸರಳವಾದದ್ದು. ಹಳ್ಳಿಯ ಕಮ್ಮಾರನೂ ಅದನ್ನು ರಿಪೇರಿ ಮಾಡಬಲ್ಲ. ಆದರೆ ಮಳೆಗೆ ಬತ್ತಿ ಆರುತ್ತಿತ್ತು, ಇರುಳಿನಲ್ಲಿ ಅದರ ಕೆಂಡ ಶತ್ರುವಿಗೆ ಗುರಿ ತೋರಿಸುತ್ತಿತ್ತು. ಉರಿಯುವ ಬತ್ತಿಯನ್ನು ಸೊಂಟದಲ್ಲೋ ಕುದುರೆಯ ಜೀನಿನಲ್ಲೋ ಇಟ್ಟುಕೊಂಡು ಸವಾರಿ ಮಾಡುವುದಂತೂ ಅಪಾಯ. ಹೀಗಾಗಿ ಬತ್ತಿಯ ಕಾಲದಲ್ಲಿ ಪಿಸ್ತೂಲು ಇಲ್ಲಿ ಹೆಚ್ಚಾಗಿ ಬಳಕೆಗೆ ಬರಲಿಲ್ಲ.

ಯುರೋಪಿನ ಚಕಮಕಿ ಬಂದೂಕು ಈ ತೊಡಕನ್ನು ಬಗೆಹರಿಸಿತ್ತು. ಕುದುರೆಯ ಬಾಯಲ್ಲಿ ಸಿಕ್ಕಿಸಿದ ಚಕಮಕಿ ಕಲ್ಲು ಉಕ್ಕಿನ ಪಟ್ಟಿಗೆ ಬಡಿದು ಕಿಡಿ ಹಾರಿಸುತ್ತದೆ. ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು, ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ಹತ್ತುತ್ತದೆ. ಕೇಳಲು ಸುಲಭ, ಮಾಡಲು ಕಷ್ಟ. ಸಾವಿರಾರು ಬಾರಿ ಬಾಗಿದರೂ ಮುರಿಯದ ಸ್ಪ್ರಿಂಗು ಬೇಕು, ಕಿಡಿ ಕೊಡುವಷ್ಟು ಗಡುಸಾದ ಉಕ್ಕು ಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಉಜ್ಜುವ ಕೈ ಬೇಕು. ಟಿಪ್ಪು ಆರಿಸಿಕೊಂಡದ್ದು ಈ ಕಷ್ಟದ ದಾರಿಯನ್ನೇ. ಕೊಂಡು ತರುವುದಕ್ಕಿಂತ ಇಲ್ಲಿಯೇ ಮಾಡುವುದು ಎಂದು ನಿರ್ಧರಿಸಿದ.

ಉಕ್ಕಿಗೆ ಕೊರತೆಯಿರಲಿಲ್ಲ. ಮೂಸೆಯಲ್ಲಿ ಕಾಯಿಸಿ ಉಕ್ಕು ತೆಗೆಯುವ ವಿದ್ಯೆ ಮೈಸೂರು ಸೀಮೆಯಲ್ಲಿ ಮೊದಲಿನಿಂದಲೂ ಇತ್ತು. ಟಿಪ್ಪುವಿನ ಮರಣಾನಂತರ 1800ರಲ್ಲಿ ಇಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಈ ಕುಲುಮೆಗಳ ವಿವರವನ್ನು ದಾಖಲಿಸಿದ್ದಾನೆ. ಕೊರತೆಯಿದ್ದುದು ನುರಿತ ಕುಶಲಕರ್ಮಿಗಳದು. ಇಸ್ತಾಂಬುಲ್‌ಗೆ 1786ರಲ್ಲಿ ಹೊರಟ ರಾಯಭಾರಿಗಳಿಗೂ, 1788ರ ಆಗಸ್ಟಿನಲ್ಲಿ ವರ್ಸೇಲ್ಸ್‌ನಲ್ಲಿ ದೊರೆ 16ನೆಯ ಲೂಯಿಯನ್ನು ಕಂಡ ರಾಯಭಾರಿಗಳಿಗೂ ಟಿಪ್ಪು ವಹಿಸಿದ ಕೆಲಸಗಳಲ್ಲಿ ಕುಶಲಕರ್ಮಿಗಳನ್ನು ಕರೆತರುವುದೂ ಸೇರಿತ್ತು. ಫ್ರಾನ್ಸಿನಿಂದ ಕೆಲವರು ಬಂದರು.

ಹುಲಿಮುಖದ ಪಿಸ್ತೂಲು

ಶ್ರೀರಂಗಪಟ್ಟಣದ ಕಾರ್ಖಾನೆಗಳಿಂದ ಹೊರಬಂದ ಪಿಸ್ತೂಲುಗಳು ಬರಿಯ ನಕಲುಗಳಾಗಿರಲಿಲ್ಲ ಎಂಬುದು ಗಮನಾರ್ಹ. ಒಳಗಿನ ಯಂತ್ರ ಯುರೋಪಿನದು, ಹೊರಗಿನ ರೂಪ ಮೈಸೂರಿನದು. ಹುಲಿಯ ತಲೆ, ಹುಲಿಯ ಪಟ್ಟೆ, ಹೈದರ್ ಎಂಬ ಅಕ್ಷರಗಳ ಮುದ್ರೆ ಅವುಗಳ ಗುರುತು. ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಅಂಕೆ ಬರೆದು ಕೊರೆಸುತ್ತಿದ್ದ. ಅನೇಕ ನಳಿಗೆಗಳ ಮೇಲೆ ರಾಜಧಾನಿಯ ಹೆಸರು, ಮಾಡಿದವನ ಹೆಸರು ಎರಡೂ ಇವೆ. ಕಮ್ಮಾರನ ಹೆಸರು ದೊರೆಯ ಆಯುಧದ ಮೇಲೆ ಉಳಿದಿರುವುದು ಸಣ್ಣ ಮಾತಲ್ಲ.

ಇನ್ನೊಂದು ಸುಧಾರಣೆ ಬಳಕೆಗೆ ಸಂಬಂಧಿಸಿದ್ದು. ಚಕಮಕಿ ಪಿಸ್ತೂಲಿನಲ್ಲಿ ಒಮ್ಮೆಗೆ ಒಂದೇ ಗುಂಡು. ಮತ್ತೆ ಮದ್ದು ತುಂಬಿ ಗಜ ಹಾಕುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಆದ್ದರಿಂದ ಪಿಸ್ತೂಲನ್ನು ಜೋಡಿಯಾಗಿ ಇಟ್ಟುಕೊಳ್ಳುವುದು ರೂಢಿ. ಯುರೋಪಿನಲ್ಲಿ ಸಾಮಾನ್ಯವಾಗಿ ಎರಡರ ಯಂತ್ರವೂ ಬಲಬದಿಗೇ ಇರುತ್ತಿತ್ತು. ಟಿಪ್ಪುವಿನ ಜೋಡಿಗಳಲ್ಲಿ ಒಂದಕ್ಕೆ ಬಲಬದಿ, ಇನ್ನೊಂದಕ್ಕೆ ಎಡಬದಿ ಯಂತ್ರವಿರುವ ಮಾದರಿಗಳು ಉಳಿದಿವೆ. ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಎದುರು. ಎಡಬದಿಯ ಯಂತ್ರಕ್ಕೆ ಪ್ರತಿಯೊಂದು ಬಿಡಿಭಾಗವನ್ನೂ ತಿರುವುಮುರುವಾಗಿ ಹೊಸದಾಗಿ ರೂಪಿಸಬೇಕು. ನೋಡಿ ನಕಲು ಮಾಡುವವನಿಂದ ಇದು ಸಾಧ್ಯವಿಲ್ಲ. ಯಂತ್ರವನ್ನು ಅರ್ಥ ಮಾಡಿಕೊಂಡವನಿಂದ ಮಾತ್ರ ಸಾಧ್ಯ.

ಇವು ದೊರೆಯ ಕೈಗೆ ಮಾಡಿದ ಅಲಂಕೃತ ವಸ್ತುಗಳು ಎಂಬುದನ್ನು ಮರೆಯುವಂತಿಲ್ಲ. ಸಿಪಾಯಿಗಳ ಕೈಗೆ ಹೋದದ್ದು ಅಲಂಕಾರವಿಲ್ಲದ ಬಂದೂಕು. 1783ರ ಸುಮಾರಿಗೆ ಸಿದ್ಧವಾದ ಫತ್‌ಉಲ್ ಮುಜಾಹಿದೀನ್ ಎಂಬ ಸೈನಿಕ ಕೈಪಿಡಿ ಅದನ್ನು ಹಿಡಿಯುವ, ತುಂಬುವ, ಹಾರಿಸುವ ಕವಾಯತನ್ನು ಸೈನಿಕರಿಗೆ ಕಲಿಸಿತು.

ಕೊಪ್ಪಳದ ಮುತ್ತಿಗೆ, ಪಟ್ಟಣದ ಪತನ

ಈ ಸಿದ್ಧತೆಯ ಪರೀಕ್ಷೆ ಕೊಪ್ಪಳದಲ್ಲೂ ನಡೆಯಿತು. 1790ರಲ್ಲಿ ನಿಜಾಮನ ಸೈನ್ಯ ಇಂಗ್ಲಿಷ್ ತುಕಡಿಯೊಂದಿಗೆ ಬಂದು ಈ ಕೋಟೆಗೆ ಮುತ್ತಿಗೆ ಹಾಕಿತು. ಸುಮಾರು ಆರು ತಿಂಗಳು ಕೋಟೆ ಜಗ್ಗಲಿಲ್ಲ. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿದ್ದಿತು. ಮರುತಿಂಗಳು ಕೊಪ್ಪಳದವರೂ ಶರಣಾದರು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ತೆತ್ತ. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಕೊಪ್ಪಳ ನಿಜಾಮನ ಪಾಲಾಯಿತು.

ಅರ್ಧ ರಾಜ್ಯದಲ್ಲೂ ಕಾರ್ಖಾನೆಗಳ ಕೆಲಸ ನಿಲ್ಲಲಿಲ್ಲ. ಆದರೆ ಒಳ್ಳೆಯ ಬಂದೂಕು ಒಳ್ಳೆಯ ಮಿತ್ರರಿಗೆ ಬದಲಿಯಾಗದು. ನಿಜಾಮ ಇಂಗ್ಲಿಷರ ಕಡೆಗಿದ್ದ, ಮರಾಠರು ಜೊತೆಗಿರಲಿಲ್ಲ, ಫ್ರಾನ್ಸಿನ ನೆರವು ಬರಲೇ ಇಲ್ಲ. ಕೊಡಗು, ಮಲಬಾರ್‌ಗಳಲ್ಲಿ ಆತ ನಡೆಸಿದ ದಂಡಯಾತ್ರೆಗಳ ಕಹಿ ಇಂದಿಗೂ ಚರ್ಚೆಯ ವಸ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದಾಗ, ಸೇವಕರು ಮದ್ದು ತುಂಬಿ ಕೊಡುತ್ತಿದ್ದ ಬಂದೂಕುಗಳನ್ನು ಒಂದಾದ ಮೇಲೊಂದರಂತೆ ಹಾರಿಸುತ್ತಾ ಹೋರಾಡಿದ ಟಿಪ್ಪು ಕೋಟೆಬಾಗಿಲ ಬಳಿ ಹೆಣಗಳ ನಡುವೆ ಹೆಣವಾದ.

ಗೆದ್ದವರು ಮಾಡಿದ ಲೆಕ್ಕದಲ್ಲಿ 929 ತೋಪುಗಳು, ಸುಮಾರು ಒಂದು ಲಕ್ಷ ಬಂದೂಕುಗಳು, ಸಣ್ಣ ಆಯುಧಗಳನ್ನು ತಯಾರಿಸುವ 11 ಕಾರ್ಖಾನೆಗಳು ಸಿಕ್ಕವು. ಹೊಳೆಯುವ ಪಿಸ್ತೂಲುಗಳು ಬಹುಮಾನವಾಗಿ ಹಡಗೇರಿದವು. ಅವುಗಳನ್ನು ಮಾಡಿದ ಕಾರ್ಖಾನೆಗಳು ಮುಚ್ಚಿಹೋದವು. ಒಂದು ತಲೆಮಾರು ಕಷ್ಟಪಟ್ಟು ಕಲಿತ ವಿದ್ಯೆಗೆ ಮುಂದೆ ಕೆಲಸವಿಲ್ಲದಾಯಿತು. ನಿಜವಾದ ನಷ್ಟ ಇದು.

ಉಳಿದುದೇನು?

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. 2017ರಲ್ಲಿ ಶ್ರೀರಂಗಪಟ್ಟಣದ ಆಯುಧಾಗಾರವೊಂದನ್ನು ರೈಲು ಜೋಡಿಮಾರ್ಗಕ್ಕಾಗಿ ಇಡಿಯಾಗಿ ಸುಮಾರು ನೂರು ಮೀಟರ್ ಪಕ್ಕಕ್ಕೆ ಸರಿಸಲಾಯಿತು. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಆತನ ಬಂದೂಕು, ಪಿಸ್ತೂಲುಗಳು ಮಾರಾಟವಾದವು. 2023ರಲ್ಲಿ ಅಲ್ಲಿಯೇ ಆತನ ಕತ್ತಿಯೊಂದು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಕತ್ತಿಯ ಬೆಲೆ ಸುದ್ದಿಯಾಗುತ್ತದೆ. ಎಡಬದಿಯ ಪಿಸ್ತೂಲಿಗಾಗಿ ಒಂದೊಂದು ಬಿಡಿಭಾಗವನ್ನೂ ತಿರುವಿ ರೂಪಿಸಿದ ಪಟ್ಟಣದ ಆ ಕೈಗಳು ಸುದ್ದಿಯಾಗುವುದಿಲ್ಲ. ಕೊಪ್ಪಳದ ಕೋಟೆಯ ಮೆಟ್ಟಿಲು ಹತ್ತುವವರು ಒಂದು ಕ್ಷಣ ಆ ಕೈಗಳನ್ನೂ ನೆನೆಯಬಹುದು.