ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (ಮೇ 27, 1761 – ಜುಲೈ 6, 1827) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಹಾಗೂ ಆಡಳಿತಗಾರರು. ದಕ್ಷಿಣ ಭಾರತದಲ್ಲಿ ರೈತವಾರಿ ಕಂದಾಯ ಪದ್ಧತಿಯನ್ನು ನೆಲೆಗೊಳಿಸಿದವರಲ್ಲಿ ಪ್ರಮುಖರು.

ಆರಂಭಿಕ ಜೀವನ

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜನಿಸಿದ ಇವರು 1780ರಲ್ಲಿ ಮದರಾಸಿಗೆ ಬಂದರು. 1792ರಿಂದ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಅವರ ಅಧೀನದಲ್ಲಿ ಕಂದಾಯದ ಕೆಲಸ ನಿರ್ವಹಿಸಿದರು.

ಕೆನರಾದ ಭೂದಾಖಲೆಗಳು

1799ರಲ್ಲಿ ಟಿಪ್ಪು ಸುಲ್ತಾನನ ಮರಣಾನಂತರ ಮನ್ರೋ ಕೆನರಾದ ಕಲೆಕ್ಟರರಾದರು. ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡಗಳನ್ನು ಒಳಗೊಂಡ ಘಟ್ಟದ ಮೇಲಿನ ಸೋಂದಾ ಸೀಮೆಯೂ ಅವರ ಆಡಳಿತಕ್ಕೆ ಸೇರಿತ್ತು. ಕರಾವಳಿಯಲ್ಲಿ ಒಬ್ಬ ಹಿಡುವಳಿದಾರನ ಜಮೀನು ‘ವರ್ಗ’ ಎಂಬ ಒಂದು ಲೆಕ್ಕದಡಿ ದಾಖಲಾಗುತ್ತಿತ್ತು. ಒಂದು ವರ್ಗದೊಳಗೆ ಬೇರೆ ಬೇರೆ ಕಡೆಯ ಗದ್ದೆ, ತೋಟಗಳಿರುತ್ತಿದ್ದವು. ಅವನ್ನು ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಸಾಗುವಳಿ ಮಾಡುತ್ತಿದ್ದರು. ಮನ್ರೋ ಹಳೆಯ ಕಡತಗಳನ್ನು ಪರಿಶೀಲಿಸಿ, ವಿಜಯನಗರ ಹಾಗೂ ಕೆಳದಿ ಅರಸರ ಕಾಲದ ಕಂದಾಯವನ್ನೂ ನಂತರ ಅದರ ಮೇಲೆ ಹೇರಿದ ಹೆಚ್ಚುವರಿಯನ್ನೂ ಬೇರ್ಪಡಿಸಿ ತೋರಿಸಿದರು. ಇಲ್ಲಿನ ಭೂಮಿ ಖಾಸಗಿ ಸ್ವತ್ತೆಂದು 1800ರ ವರದಿಯಲ್ಲಿ ಪ್ರತಿಪಾದಿಸಿದರು. ಆದರೆ ಸರ್ಕಾರದ ಲೆಕ್ಕ ವರ್ಗದಾರನ ಹೆಸರಿನಲ್ಲೇ ಉಳಿದುದರಿಂದ ಉಳುವ ಗೇಣಿದಾರರಿಗೆ ಭೂಮಿಯ ಒಡೆತನ ದೊರೆಯಲಿಲ್ಲ. ಅದಕ್ಕೆ ವ್ಯಾಪಕ ಅವಕಾಶ ಕಲ್ಪಿಸಿದ್ದು 1974ರಲ್ಲಿ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿ.

ನಂತರದ ವರ್ಷಗಳು

1800ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳ ಆಡಳಿತಕ್ಕೆ ನೇಮಕಗೊಂಡ ಮನ್ರೋ, 1820ರಲ್ಲಿ ಮದರಾಸಿನ ಗವರ್ನರರಾದರು. ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ನಿಧನರಾದರು.